ನಾಲಿಗೆ ಕ್ಯಾನ್ಸರ್: ಕುತ್ತಿಗೆಯ ಗ್ರಂಥಿಗಳನ್ನು ನಾನು ಪರೀಕ್ಷಿಸುವ ಬಗೆ

ನಾಲಿಗೆ ಕ್ಯಾನ್ಸರ್ ಆದವರು ಎಷ್ಟು ಕಾಲ ಬದುಕಬಹುದು ಎಂಬುದಕ್ಕೆ ನಾಲಿಗೆಯ ಗೆಡ್ಡೆಗಿಂತ ಕುತ್ತಿಗೆಯ ದುಗ್ಧಗ್ರಂಥಿಗಳೇ (ಲಿಂಫ್ ನೋಡ್) ಹೆಚ್ಚು ನಂಬಬಹುದಾದ ಸಾಕ್ಷಿ. ಅಲ್ಲಿಗೆ ರೋಗ ಹಬ್ಬಿದ್ದರೆ ಬದುಕುಳಿಯುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಪೆಥಾಲಜಿ (ಅಂಗಾಂಶ ಪರೀಕ್ಷೆ) ಮೇಜಿನ ಮೇಲೆ ಹುಡುಕಾಟ ಸಡಿಲವಾದರೆ ಈ ಸಾಕ್ಷಿಯೂ ಸುಳ್ಳಾಡುತ್ತದೆ.

ನೆಕ್ ಡಿಸೆಕ್ಷನ್‌ನ (ಕುತ್ತಿಗೆಯ ಗ್ರಂಥಿಗಳನ್ನು ಸುತ್ತಲ ಕೊಬ್ಬಿನೊಡನೆ ತೆಗೆಯುವ ಶಸ್ತ್ರಚಿಕಿತ್ಸೆ) ಅಂಗಾಂಶವನ್ನು ಲೆವೆಲ್ (ಕುತ್ತಿಗೆಯ ವಲಯ) ಪ್ರಕಾರ ಬೇರೆ ಬೇರೆ ಡಬ್ಬಿಗಳಲ್ಲಿ ಕಳಿಸಲು ಸರ್ಜನ್‌ಗೆ ಹೇಳುತ್ತೇನೆ. ಒಟ್ಟಾಗಿ ಕಳಿಸುವುದಾದರೆ ದಾರದ ಗುರುತು ಬೇಕೇ ಬೇಕು. ನಾಲಿಗೆ ಕ್ಯಾನ್ಸರ್ ಸಾಮಾನ್ಯವಾಗಿ 1, 2, 3ನೇ ಲೆವೆಲ್‌ಗಳಿಗೆ ಹಬ್ಬುತ್ತದೆ, ಕೆಲವೊಮ್ಮೆ ಮೇಲಿನವನ್ನು ಬಿಟ್ಟು ನೇರವಾಗಿ 4ಕ್ಕೆ ಇಳಿದಿರುತ್ತದೆ.

ಅಂಗಾಂಶ ಕೆಡದಂತೆ ಕಾಯುವ ಶೇ. 10ರ ಫಾರ್ಮಲಿನ್ ದ್ರಾವಣದಲ್ಲಿ ಒಂದು ರಾತ್ರಿ ಇಟ್ಟ ಮೇಲೆ ಕೊಬ್ಬನ್ನು ತೆಳುವಾಗಿ ಸೀಳುತ್ತಾ ಬೆರಳಿನಿಂದ ಒತ್ತಿ ನೋಡುತ್ತೇನೆ. ದೊಡ್ಡ ಗ್ರಂಥಿ ತಾನಾಗಿ ಸಿಗುತ್ತದೆ, ತಪ್ಪಿಹೋಗುವುದು 3-4 ಮಿ.ಮೀ.ನವು. ಚಿಕ್ಕವನ್ನು ಇಡಿಯಾಗಿ, ಉಳಿದವನ್ನು 2 ಮಿ.ಮೀ. ಹೋಳುಗಳಾಗಿ ಕ್ಯಾಸೆಟ್‌ಗೆ (ಸ್ಲೈಡ್ ತಯಾರಿಗೆ ಅಂಗಾಂಶ ಇಡುವ ಪುಟ್ಟ ಡಬ್ಬಿ) ಹಾಕಬೇಕು. ಒಂದೇ ಗ್ರಂಥಿಯ ಹೋಳುಗಳು ಎರಡು ಕ್ಯಾಸೆಟ್‌ಗೆ ಹೋದರೆ ಅದನ್ನು ಆಗಲೇ ಬರೆದಿಡಬೇಕು. ಇಲ್ಲದಿದ್ದರೆ ಸ್ಲೈಡ್ ನೋಡುವಾಗ ರೋಗವಿರುವ ಒಂದು ಗ್ರಂಥಿ ಎರಡಾಗಿ, N ಹಂತ (ಗ್ರಂಥಿಗಳಿಗೆ ರೋಗ ಎಷ್ಟು ಹಬ್ಬಿದೆ ಎಂಬ ಅಳತೆ) N1 ಇದ್ದದ್ದು ಹೆಚ್ಚಿನ N2b ಆಗಿಬಿಡುತ್ತದೆ.

‘ಎಲ್ಲವೂ ನೆಗೆಟಿವ್’ ಎಂಬ ವರದಿಯ ತೂಕ ಸಿಕ್ಕ ಗ್ರಂಥಿಗಳ ಸಂಖ್ಯೆಯ ಮೇಲೆ ನಿಂತಿದೆ. 18ಕ್ಕಿಂತ ಕಡಿಮೆ ಸಿಕ್ಕವರಲ್ಲಿ ಫಲಿತಾಂಶ ಕೆಳಮಟ್ಟದ್ದು ಎಂದು ಅಧ್ಯಯನಗಳು ತೋರಿಸಿವೆ. ಸಂಖ್ಯೆ ಕಡಿಮೆಯಾದಾಗ ನಾನು ವರದಿ ಬರೆಯುವುದಿಲ್ಲ, ಉಳಿದ ಕೊಬ್ಬಿಗೆ ಮತ್ತೆ ಕೈಹಾಕುತ್ತೇನೆ.

ಅತಿ ಹೆಚ್ಚು ಹೊತ್ತು ಹಿಡಿಯುವುದು ಕವಚದ ಪರೀಕ್ಷೆ. ಗೆಡ್ಡೆ ಗ್ರಂಥಿಯ ಕವಚ ಸೀಳಿ ಸುತ್ತಲ ಕೊಬ್ಬಿಗೆ ನುಗ್ಗಿದ್ದರೆ ಮುನ್ಸೂಚನೆ ಇನ್ನಷ್ಟು ಕೆಡುತ್ತದೆ. ಕ್ಯಾನ್ಸರ್ ಹಂತಗಳನ್ನು ನಿಗದಿಪಡಿಸುವ ಅಮೆರಿಕದ ಸಮಿತಿ ಎಜೆಸಿಸಿಯ ಕೈಪಿಡಿಯ 2017ರ 8ನೇ ಆವೃತ್ತಿ ಇದನ್ನು N ಹಂತಕ್ಕೇ ಸೇರಿಸಿತು: ಗೆಡ್ಡೆಯ ಬದಿಯಲ್ಲೇ ಇರುವ, 3 ಸೆಂ.ಮೀ. ಮೀರದ ಒಂಟಿ ಗ್ರಂಥಿಯಾದರೆ N2a, ಉಳಿದಂತೆ ಬಹುತೇಕ N3b. ಆದ್ದರಿಂದ ಗ್ರಂಥಿಯನ್ನು ನುಣ್ಣಗೆ ಬಿಡಿಸಿ ತೆಗೆಯಬಾರದು, ಸುತ್ತ ಸ್ವಲ್ಪ ಕೊಬ್ಬು ಉಳಿಸಿಯೇ ಕತ್ತರಿಸಬೇಕು. ನುಗ್ಗಿದ ದೂರವನ್ನು ಕವಚದಿಂದ ಅಳೆದು, 2 ಮಿ.ಮೀ.ವರೆಗೆ ಅಲ್ಪ, ಮೀರಿದರೆ ಅಧಿಕ ಎಂದು ಬರೆಯುತ್ತೇನೆ. ರಕ್ತನಾಳ ಒಳಹೋಗುವ ಜಾಗದಲ್ಲಿ ಕವಚ ಸಹಜವಾಗಿಯೇ ತೆಳ್ಳಗಿರುತ್ತದೆ, ಹೊಸಬರು ಮೋಸಹೋಗುವುದು ಅಲ್ಲೇ. ಮೊದಲೇ ಸೂಜಿ ಪರೀಕ್ಷೆ ಆಗಿದ್ದರೂ ಕವಚ ಕದಡಿರಬಹುದು.

ಈ ಒಂದು ಸಾಲಿನ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಕವಚ ದಾಟಿದ್ದರೆ ಬರೀ ವಿಕಿರಣ ಸಾಲದು, ದೇಹ ತಾಳುವಂತಿದ್ದರೆ ಸಿಸ್‌ಪ್ಲಾಟಿನ್ (ಕಿಮೊಥೆರಪಿ ಔಷಧ) ಕೂಡ ಬೇಕು. ವಿಕಿರಣ ಶಸ್ತ್ರಚಿಕಿತ್ಸೆಯ 6 ವಾರದೊಳಗೆ ಶುರುವಾಗಬೇಕಾದ್ದರಿಂದ ವರದಿಗೂ ಗಡುವಿದೆ.

ಗೆಡ್ಡೆ ಎಷ್ಟು ಆಳಕ್ಕಿಳಿದಿದೆ ಎಂಬುದನ್ನೂ ವರದಿಯಲ್ಲಿ ಕೊಡುತ್ತೇನೆ. ಆಳ 3 ಮಿ.ಮೀ. ದಾಟಿದರೆ, ಕೈಗೆ ಗಂಟು ಸಿಗದಿದ್ದರೂ ಕುತ್ತಿಗೆಯಲ್ಲಿ ರೋಗ ಅಡಗಿರುವ ಸಾಧ್ಯತೆ ಹೆಚ್ಚು. ಮುಂಬೈನ ಟಾಟಾ ಮೆಮೋರಿಯಲ್‌ನ 2015ರ ಅಧ್ಯಯನದಲ್ಲಿ, ಆರಂಭಿಕ ಹಂತದ ಬಾಯಿ ಕ್ಯಾನ್ಸರ್‌ಗೆ ಮೊದಲೇ ಕುತ್ತಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ 3 ವರ್ಷದ ಬದುಕುಳಿಕೆ ಶೇ. 80, ಗಂಟು ಕಾಣಿಸಿಕೊಂಡ ಮೇಲೆ ಮಾಡಿಸಿದ ಗುಂಪಿನಲ್ಲಿ ಶೇ. 67.5.