ಅಸ್ತಮಾದ ಪಂಪು ಎಳೆಯುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಮೆಡಿಕಲ್ ಶಾಪು. ಆಟಿ ತಿಂಗಳ ಮಳೆಗೆ ಗೋಡೆ ಬೂಷ್ಟು ಹಿಡಿಯುವಾಗ ಒಮ್ಮೆ, ಅಂಗಳದಲ್ಲಿ ಒಣಗಿದ ಅಡಿಕೆ ಸುಲಿಯುವಾಗ ಇನ್ನೊಮ್ಮೆ, ವರ್ಷಕ್ಕೆ ಎರಡು ಸಲ ದಮ್ಮಿನವರು ಸಾಲಾಗಿ ಬರುತ್ತಾರೆ. ದೂರು ಮಾತ್ರ ಒಂದೇ: “ಪಂಪು ಎಷ್ಟು ಒತ್ತಿದರೂ ಎಂತದೂ ಆಗುವುದಿಲ್ಲ ಅಣ್ಣಾ.” ಒಮ್ಮೆ ಎಳೆದು ತೋರಿಸಿ ಅನ್ನುತ್ತೇನೆ. ಬಾಯಿ ಅಗಲಿಸಿ, ತೀರ್ಥ ಹಾಕಿಕೊಂಡ ಹಾಗೆ ಒಂದು ‘ಚುಸ್’ ಅನ್ನಿಸಿ, ಬಾಯಿ ಮುಚ್ಚಿಬಿಡುತ್ತಾರೆ. ಮದ್ದೆಲ್ಲ ನಾಲಗೆಯ ಮೇಲೆ. ಪೆಟ್ಟಿಗೆಯೊಳಗಿನ ಕಾಗದ ಇಂಗ್ಲಿಷಿನಲ್ಲಿರುತ್ತದೆ, ಗೋಡೆಗೆ ಅಂಟಿಸಿದ ಚಿತ್ರಪಟ ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರು ಮತ್ತೇನು ಮಾಡಬೇಕು?

ಎಳೆಯುವ ಮೊದಲು ಎಳೆಯುವುದು ಯಾತಕ್ಕೆ ಎಂದು ತಿಳಿದಿರಲಿ. ಕಾಲಿಗೆ ಮುಳ್ಳು ಚುಚ್ಚಿದರೆ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ನೋಯುತ್ತದೆ. ರೋಮಿನ ಸೆಲ್ಸಸ್ ಎಂಬ ವೈದ್ಯಗ್ರಂಥಕಾರ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಈ ನಾಲ್ಕು ಲಕ್ಷಣ ಬರೆದಿಟ್ಟಿದ್ದ. ಇದೇ ಉರಿಯೂತ. ದೇಹ ತನ್ನನ್ನು ಕಾಯುವ ರೀತಿ ಅದು, ಮುಳ್ಳು ಹೋದ ಮೇಲೆ ಇಳಿಯಬೇಕು. ಅಸ್ತಮಾದವರ ಶ್ವಾಸನಾಳದಲ್ಲಿ ಅದು ಪೂರ್ತಿ ಇಳಿಯುವುದೇ ಇಲ್ಲ. ಅಡಿಕೆ ಸಿಪ್ಪೆಯ ದೂಳು, ಬಚ್ಚಲ ಒಲೆಯ ಹೊಗೆ, ಸೊಳ್ಳೆಬತ್ತಿ, ಯಾವುದೋ ಒಂದು ನೆಪ ಸಿಕ್ಕಿದರೆ ಸಾಕು, ಒಳಪೊರೆ ಬಾತು, ಕಫ ಕಟ್ಟಿ, ಸುತ್ತಲಿನ ಸ್ನಾಯು ಹಿಂಡಿಕೊಳ್ಳುತ್ತದೆ. ದಮ್ಮು ಇಲ್ಲದ ದಿನವೂ ಆ ಬಾವು ಒಳಗೆ ಇದ್ದೇ ಇರುತ್ತದೆ.

ಮೊದಲ ಹೆಜ್ಜೆ: ನಿಮ್ಮ ಕೈಯಲ್ಲಿರುವುದು ಯಾವ ಪಂಪು ಎಂದು ನೋಡಿ. ಬಣ್ಣ ನಂಬಬೇಡಿ, ಕಂಪೆನಿಗೊಂದು ಬಣ್ಣ. ಹೆಸರು ಓದಿಸಿ. ಸಾಲ್ಬುಟಮಾಲ್ ಅಥವಾ ಲಿವೋಸಾಲ್ಬುಟಮಾಲ್ ಇದ್ದರೆ ಅದು ಹಿಂಡಿದ ಸ್ನಾಯುವನ್ನು ಸಡಿಲಿಸುವ ಮದ್ದು; ಐದು ನಿಮಿಷದಲ್ಲಿ ಹಾಯೆನಿಸುತ್ತದೆ, ಬಾವು ಇದ್ದಲ್ಲೇ ಇರುತ್ತದೆ. ಬುಡೆಸೊನೈಡ್, ಬೆಕ್ಲೊಮೆಟಾಸೋನ್, ಫ್ಲುಟಿಕಾಸೋನ್ ಇದ್ದರೆ ಅದು ಬಾವು ಇಳಿಸುವ ಮದ್ದು, ಸ್ಟೀರಾಯ್ಡ್ ಜಾತಿಯದು. ಎಳೆದ ಕೂಡಲೇ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಜನ ಎರಡನೆಯದನ್ನು ಮೂಲೆಗೆಸೆದು ಮೊದಲನೆಯದನ್ನೇ ದಿನಕ್ಕೆ ಹತ್ತು ಸಲ ಒತ್ತುತ್ತಾರೆ. ಸ್ನಾಯು ಸಡಿಲಿಸುವುದೊಂದನ್ನೇ ನಂಬಿ ಅಸ್ತಮಾ ನಡೆಸಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲೇ ಹೇಳಿದೆ. ಕೆಲವು ಪಂಪುಗಳಲ್ಲಿ ಎರಡು ಬಗೆಯ ಮದ್ದೂ ಒಟ್ಟಿಗೆ ಇರುತ್ತವೆ, ಅದರ ಲೆಕ್ಕ ಬೇರೆ. ಡಾಕ್ಟರರ ಹತ್ತಿರ ಕೇಳಿ.

‘ಸ್ಟೀರಾಯ್ಡ್’ ಅಂದ ಕೂಡಲೇ ಬೇಡ ಅನ್ನುವವರಿಗೆ ಒಂದು ಮಾತು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಗಂಟುವಾತದವರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು. 1950ರಲ್ಲಿ ನೊಬೆಲ್ ಬಂತು. ಆಮೇಲೆ ಮುಖ ಊದಿತು, ಎಲುಬು ಸವೆಯಿತು, ಹೆದರಿಕೆಯೂ ಹುಟ್ಟಿತು. ಅದೇ ಕುಲದ ಮದ್ದನ್ನು ಉಸಿರಲ್ಲಿ ನೇರ ಜಾಗಕ್ಕೆ ಮುಟ್ಟಿಸುವುದು ಬಾವು ಇಳಿಸುವ ಈ ಪಂಪು. ಮಾತ್ರೆ ಮಿಲಿಗ್ರಾಂ ಲೆಕ್ಕ, ಇದು ಮೈಕ್ರೋಗ್ರಾಂ ಲೆಕ್ಕ. ಸಂತೆಯಲ್ಲಿ ಚೀಟಿಯಿಲ್ಲದ ಡಬ್ಬಿಯಲ್ಲಿ ಸಿಗುವ ‘ಉಬ್ಬಸದ ಪುಡಿ’ಯನ್ನು ಮಾತ್ರ ಹೆದರದೆ ತಿನ್ನುತ್ತೀರಿ! ಅಂಥವುಗಳಲ್ಲಿ ಲೆಕ್ಕವಿಲ್ಲದೆ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ.

ಎರಡನೆಯದು: ಮುಚ್ಚಳ ತೆಗೆಯಿರಿ, ಚೆನ್ನಾಗಿ ಕುಲುಕಿ. ಅಷ್ಟೇ.

ಮೂರನೆಯದು ಉಸಿರು. ಎಲ್ಲ ಕೆಡುವುದು ಇಲ್ಲೇ, ಸಾವಕಾಶ ಓದಿ. ನೆಟ್ಟಗೆ ಕೂತುಕೊಳ್ಳಿ, ಗಲ್ಲ ಸ್ವಲ್ಪ ಮೇಲೆ. ಮೊದಲು ಉಸಿರು ಹೊರಗೆ ಬಿಡಿ. ತುಂಬಿದ ಕೊಡಕ್ಕೆ ನೀರು ಹೊಯ್ದು ಪ್ರಯೋಜನವಿಲ್ಲ. ಪಂಪಿನ ಬಾಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಮಾಡಿ, ನಾಲಗೆ ಕೆಳಗಿರಲಿ. ಈಗ ಬಾಯಿಂದ ಮೆಲ್ಲ ಎಳೆಯಲು ಶುರುಮಾಡಿ, ಶುರುಮಾಡಿದ ಕ್ಷಣವೇ ಒಮ್ಮೆ ಒತ್ತಿ, ಎಳೆಯುವುದನ್ನು ನಿಲ್ಲಿಸಬೇಡಿ. ನಾಲ್ಕೈದು ಸೆಕೆಂಡು ಎಳೆಯುತ್ತಲೇ ಇರಬೇಕು. ಒತ್ತಿ ಆಮೇಲೆ ಎಳೆದರೆ ತಡವಾಯಿತು, ಎಳೆದು ಮುಗಿಸಿ ಒತ್ತಿದರೆ ವ್ಯರ್ಥ. ರಪಕ್ಕನೆ ಎಳೆದರೂ ಆಗದು: ಗುಡ್ಡೆಯ ತಿರುವಿನಲ್ಲಿ ಜೋರು ಬಂದ ಜೀಪು ಬದಿಯ ಮಣ್ಣಿನ ಬರೆಗೆ ಹೊಡೆಯುವ ಹಾಗೆ ಮದ್ದಿನ ಹನಿಗಳು ಗಂಟಲಿನ ತಿರುವಿನಲ್ಲೇ ಗೋಡೆಗೆ ಬಡಿದು ಉಳಿಯುತ್ತವೆ. ಎಳೆದಾದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಕಟ್ಟಿಕೊಳ್ಳಿ, ಹನಿಗಳು ಒಳಗೆ ಕೂರಲಿಕ್ಕೆ ಅಷ್ಟು ಸಮಯ ಬೇಕು. ಎರಡನೇ ಸಲಕ್ಕೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ. ಕನ್ನಡಿ ಮುಂದೆ ಮಾಡಿ ನೋಡಿ. ಬಾಯಿಂದಲೋ ಮೂಗಿನಿಂದಲೋ ಬಿಳಿ ಹೊಗೆ ಕಂಡರೆ ತಪ್ಪಿದೆ.

ಇಷ್ಟೆಲ್ಲ ತಾಳ ಕೂಡಿಸುವುದು ಅರುವತ್ತು ದಾಟಿದವರಿಂದ, ಮಕ್ಕಳಿಂದ ಆಗುವ ಕೆಲಸವಲ್ಲ. ನನ್ನನ್ನು ಕೇಳಿದರೆ ಯಾರೇ ಆಗಲಿ ಸ್ಪೇಸರ್ ಇಲ್ಲದೆ ಈ ಪಂಪು ಎಳೆಯಲೇಬಾರದು. ಅದು ಪಂಪಿನ ಬಾಯಿಗೆ ಸಿಕ್ಕಿಸುವ ಒಂದು ಖಾಲಿ ಕೊಳವೆ. ಮದ್ದು ಅದರೊಳಗೆ ತೇಲುತ್ತದೆ, ನೀವು ನಿಧಾನ ಎಳೆದುಕೊಳ್ಳಬಹುದು, ಮಕ್ಕಳಾದರೆ ನಾಲ್ಕೈದು ಸಲ ಸುಮ್ಮನೆ ಉಸಿರಾಡಿದರೆ ಸಾಕು. ಒಂದು ಸಲಕ್ಕೆ ಒಂದೇ ಒತ್ತು. ಎರಡು ಒಟ್ಟಿಗೆ ತುಂಬಿಸುವ ಉಳಿತಾಯ ಬೇಡ. ದುಡ್ಡಿಲ್ಲದಿದ್ದರೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ: ತಳದಲ್ಲಿ ಬಿಸಿ ತಂತಿಯಿಂದ ಪಂಪಿನ ಬಾಯಿಯಷ್ಟೇ ತೂತು ಮಾಡಿ, ಸುತ್ತ ಸಂದಿಯಿಲ್ಲದಂತೆ ಅಂಟಿಸಿ, ಬಾಟಲಿಯ ಕುತ್ತಿಗೆಯಿಂದ ಎಳೆಯಿರಿ. ತಮಾಷೆಯಲ್ಲ, ದಕ್ಷಿಣ ಆಫ್ರಿಕದ ವೈದ್ಯರು ಮಕ್ಕಳಲ್ಲಿ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ್ದು. ಸ್ಪೇಸರನ್ನು ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಮದ್ದು ಗೋಡೆಗೆ ಅಂಟುತ್ತದೆ.

ಕ್ಯಾಪ್ಸೂಲು ಹಾಕಿ ಎಳೆಯುವ ರೋಟಾಹೇಲರಿಗೆ ಕ್ರಮ ಪೂರ್ತಿ ತಿರುಗುಮುರುಗು: ಅಲ್ಲಿ ಜೋರಾಗಿ, ರಭಸದಿಂದ ಎಳೆಯಬೇಕು, ಪುಡಿ ಹಾರುವುದೇ ನಿಮ್ಮ ಎಳೆತದಿಂದ. ಅದರೊಳಗೆ ಉಸಿರು ಬಿಡಬೇಡಿ, ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಮಳೆಗಾಲದಲ್ಲಿ ಕ್ಯಾಪ್ಸೂಲನ್ನು ಎಳೆಯುವ ಹೊತ್ತಿಗೇ ಹೊರಗೆ ತೆಗೆಯಿರಿ. ನನ್ನ ಸೋದರಮಾವ ಮೂರು ತಿಂಗಳು ಆ ಕ್ಯಾಪ್ಸೂಲನ್ನು ಜೀರಿಗೆ ಕಷಾಯದ ಜೊತೆ ನುಂಗಿದ್ದರು. ಬರೆದವರೂ ಹೇಳಿರಲಿಲ್ಲ, ಕೊಟ್ಟವರೂ ಹೇಳಿರಲಿಲ್ಲ.

ನಾಲ್ಕನೆಯದು: ಬಾವು ಇಳಿಸುವ ಮದ್ದು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲವಾದರೆ ನಾಲಗೆಯಲ್ಲಿ ಬಿಳಿ ಪೊರೆಯಂಥ ಅಗ್ರ ಕಟ್ಟುತ್ತದೆ.

ಮಂಡಿನೋವಿಗೆಂದು ಡೈಕ್ಲೋಫೆನಾಕ್ ಕೇಳುವವರು ಅಸ್ತಮಾ ಇದೆಯೆಂದು ಮೊದಲು ಹೇಳಿ. ಅದೂ ಉರಿಯೂತಕ್ಕೇ ಮದ್ದು, ಆದರೆ ಕೆಲವರಿಗೆ ಅದರಿಂದಲೇ ದಮ್ಮು ಕಟ್ಟುತ್ತದೆ. ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು, ತುಟಿ ನೀಲಿ, ಸಡಿಲಿಸುವ ಪಂಪಿಗೂ ಬಗ್ಗದ ದಮ್ಮು – ಇವು ಕಂಡರೆ ಸ್ಪೇಸರಿನಲ್ಲಿ ಅದನ್ನೇ ಒಂದೊಂದಾಗಿ ನಾಲ್ಕು ಸಲ ಕೊಡುತ್ತಾ 108ಕ್ಕೆ ಫೋನು ಮಾಡಿ. ಮಂಗಳೂರೋ ಕಾಸರಗೋಡೋ ಎಂದು ಚರ್ಚೆಗೆ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ.

ಕೊನೆಗೆ ಲೆಕ್ಕ. ಮದ್ದು ಮುಗಿದಿದೆಯೇ ನೋಡಲು ಡಬ್ಬಿಯನ್ನು ಬಾಲ್ದಿ ನೀರಲ್ಲಿ ತೇಲಿಸುವುದು ಶುದ್ಧ ತಪ್ಪು, ಮದ್ದು ಮುಗಿದ ಮೇಲೂ ಗ್ಯಾಸು ಉಳಿದು ‘ಚುಸ್’ ಅನ್ನುತ್ತಲೇ ಇರುತ್ತದೆ. ಡಬ್ಬಿಯ ಮೇಲೆ 200 ಎಂದಿದ್ದು, ನೀವು ಬೆಳಿಗ್ಗೆ ಎರಡು ಸಂಜೆ ಎರಡು ಎಳೆಯುವವರಾದರೆ 50 ದಿನ. 120 ಎಂದಿದ್ದರೆ 30. ನಾನು ಕೊಡುವಾಗಲೇ ಮುಗಿಯುವ ತಾರೀಕನ್ನು ಪೆಟ್ಟಿಗೆಯ ಮೇಲೆ ಬರೆದುಬಿಡುತ್ತೇನೆ. ನಿಮ್ಮ ಅಂಗಡಿಯವರು ಬರೆಯದಿದ್ದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀವೇ ಒಂದು ಸುತ್ತು ಹಾಕಿಡಿ.