ಹೊಸ ಫೈಲ್ ಮಾತ್ರ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡುವುದು ಹೇಗೆ?

ನಮ್ಮ ಅಡಿಕೆ ತೋಟದ ಲೆಕ್ಕವೆಲ್ಲ ಒಂದೇ ಎಕ್ಸೆಲ್ ಫೈಲಿನಲ್ಲಿತ್ತು. ಕೂಲಿ, ಗೊಬ್ಬರ, ಔಷಧಿ, ಮಂಡಿಗೆ ಹೋದ ಮೂಟೆ, ಎಲ್ಲವೂ. ತಿಂಗಳಿಗೊಮ್ಮೆ ಲ್ಯಾಪ್‌ಟಾಪ್‌ನ ಫೋಲ್ಡರುಗಳನ್ನು ಪೋರ್ಟಬಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡುತ್ತಿದ್ದೆ. ಇದೇ ಹೆಸರಿನ ಫೈಲುಗಳು ಅಲ್ಲಿ ಆಗಲೇ ಇವೆ ಎಂದು ವಿಂಡೋಸ್ ಹೇಳಿದಾಗೆಲ್ಲ 'ಸ್ಕಿಪ್' ಒತ್ತುತ್ತಿದ್ದೆ. ಇದ್ದದ್ದನ್ನೇ ಮತ್ತೆ ಯಾಕೆ ಕಾಪಿ ಮಾಡಬೇಕು, ಹೊಸದು ಹೋದರೆ ಸಾಕು ಅಲ್ವಾ? ಒಂದು ದಿನ ಲ್ಯಾಪ್‌ಟಾಪ್ ಕೆಟ್ಟಿತು. ಹಾರ್ಡ್ ಡಿಸ್ಕ್ ಹಾಕಿ ನೋಡಿದರೆ ಲೆಕ್ಕದ ಫೈಲ್ ಇತ್ತು. ಆದರೆ ಎಂಟು ತಿಂಗಳು ಹಳೆಯದು.

ಆದದ್ದು ಇಷ್ಟೆ. 'ಸ್ಕಿಪ್' ಒತ್ತಿದರೆ ಹೆಸರು ಒಂದೇ ಇರುವ ಫೈಲುಗಳನ್ನೆಲ್ಲ ವಿಂಡೋಸ್ ಬಿಟ್ಟುಬಿಡುತ್ತದೆ. ಒಳಗೆ ಬದಲಾಗಿದೆಯೇ ಎಂದು ನೋಡುವುದಿಲ್ಲ. ಬ್ಯಾಕಪ್ ವಿಷಯದಲ್ಲಿ 'ಹೊಸ ಫೈಲ್' ಎಂದರೆ ಎರಡು ಬಗೆ: ಈ ಸಲ ಹೊಸದಾಗಿ ಬಂದದ್ದು ಒಂದು, ಹಳೆಯ ಹೆಸರಿನಲ್ಲೇ ತಿದ್ದಿದ್ದು ಇನ್ನೊಂದು. ಫೋಟೋ ಮೊದಲನೆಯ ಬಗೆ. ಲೆಕ್ಕ, ಪತ್ರ, ಮಕ್ಕಳ ಪ್ರಾಜೆಕ್ಟ್ ಎಲ್ಲ ಎರಡನೆಯ ಬಗೆ. ಇವು ತಪ್ಪಬಾರದು ಎಂದರೆ ಹೆಸರಿನ ಜೊತೆಗೆ ತಾರೀಕು ಮತ್ತು ಗಾತ್ರವನ್ನೂ ಹೋಲಿಸಬೇಕು.

ಒಂದೆರಡು ಫೋಲ್ಡರ್ ಅಷ್ಟೇ ಇದ್ದರೆ ವಿಂಡೋಸ್‌ನಲ್ಲೇ ಇದು ಸಾಧ್ಯ. 'ಸ್ಕಿಪ್' ಬದಲು ಅದರ ಕೆಳಗಿನ 'ಲೆಟ್ ಮಿ ಡಿಸೈಡ್' ಆಯ್ಕೆ ಒತ್ತಿ. ತೆರೆಯುವ ಕಿಟಕಿಯ ಕೆಳಗಡೆ, ತಾರೀಕು ಮತ್ತು ಗಾತ್ರ ಒಂದೇ ಇರುವ ಫೈಲುಗಳನ್ನು ಬಿಡಲು ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿ. ಉಳಿಯುವುದು ಬದಲಾದ ಫೈಲುಗಳು. ಅವುಗಳಲ್ಲಿ ಲ್ಯಾಪ್‌ಟಾಪ್ ಕಡೆಯ ಕಾಲಮ್ಮಿಗೆ ಟಿಕ್ ಹಾಕಿ ಮುಂದುವರಿಸಿ.

ಫೈಲುಗಳು ಜಾಸ್ತಿ ಇದ್ದರೆ ಫ್ರೀಫೈಲ್‌ಸಿಂಕ್ ಎಂಬ ಸಾಫ್ಟ್‌ವೇರ್ ಒಳ್ಳೆಯದು. ಮನೆಬಳಕೆಗೆ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರದೇ ಜಾಲತಾಣದಿಂದ ಇಳಿಸಿಕೊಳ್ಳಿ. ಎಡಗಡೆ ಲ್ಯಾಪ್‌ಟಾಪ್‌ನ ಫೋಲ್ಡರ್ ಹಾಕಿ, ಬಲಗಡೆ ಹಾರ್ಡ್ ಡಿಸ್ಕ್‌ನ ಫೋಲ್ಡರ್. ಎಡ ಬಲ ಅದಲುಬದಲಾಗದಂತೆ ಎರಡು ಸಲ ನೋಡಿ. ನೀಲಿ ಹಲ್ಲುಚಕ್ರ ಹೋಲಿಕೆಯ ಸೆಟ್ಟಿಂಗ್. ಅದರಲ್ಲಿ 'ಫೈಲ್ ಟೈಮ್ ಆಂಡ್ ಸೈಜ್' ಇರಲಿ.

ಮುಖ್ಯವಾದದ್ದು ಹಸಿರು ಹಲ್ಲುಚಕ್ರ. ಅದರಲ್ಲಿ 'ಅಪ್‌ಡೇಟ್' ಆರಿಸಿ. 'ಮಿರರ್' ಬೇಡ. ಮಿರರ್ ಎಂದರೆ ಎಡಗಡೆ ಇದ್ದಂತೆಯೇ ಬಲಗಡೆ ಮಾಡುವುದು. ನಾಮಕರಣದ ಫೋಟೋಗಳು ಲ್ಯಾಪ್‌ಟಾಪ್‌ನಲ್ಲಿ ಕೈತಪ್ಪಿ ಅಳಿಸಿಹೋದವು ಅಂದುಕೊಳ್ಳಿ. ನೀವು ಗಮನಿಸದೆ ಮಿರರ್ ಮಾಡಿದರೆ ಹಾರ್ಡ್ ಡಿಸ್ಕ್‌ನಿಂದಲೂ ಅವು ಹೋಗುತ್ತವೆ. ಅಪ್‌ಡೇಟ್ ಹಾಗಲ್ಲ. ಹೊಸದನ್ನು ಸೇರಿಸುತ್ತದೆ, ತಿದ್ದಿದ್ದನ್ನು ಬದಲಿಸುತ್ತದೆ. ನೀವು ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ ಫೈಲ್ ಹಾರ್ಡ್ ಡಿಸ್ಕ್‌ನಲ್ಲಿ ಹಾಗೇ ಇರುತ್ತದೆ. ಜಾಗ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ ಬಿಡಿ.

ಆದರೂ ಒಂದು ಅಪಾಯ ಉಳಿಯುತ್ತದೆ. ಕೆಟ್ಟುಹೋದ ಫೈಲಿನ ತಾರೀಕೂ ಹೊಸದೇ ಆಗಿರಬಹುದು. ಆಗ ಹಾರ್ಡ್ ಡಿಸ್ಕ್‌ನ ಒಳ್ಳೆಯ ಪ್ರತಿಯ ಮೇಲೆ ಕೆಟ್ಟದ್ದು ಕೂರುತ್ತದೆ. ಅದೇ ಹಸಿರು ಚಕ್ರದಲ್ಲಿ 'ವರ್ಷನಿಂಗ್' ಎಂಬ ಆಯ್ಕೆ ಇದೆ. ಅದನ್ನು ಆರಿಸಿ, ಹಾರ್ಡ್ ಡಿಸ್ಕ್‌ನಲ್ಲಿ 'ಹಳೆಯವು' ಎಂದೊಂದು ಬೇರೆ ಫೋಲ್ಡರ್ ಮಾಡಿ ತೋರಿಸಿ. 'ಟೈಮ್ ಸ್ಟಾಂಪ್' ಕೂಡ ಆರಿಸಿದರೆ ಬದಲಾದ ಪ್ರತಿ ಫೈಲಿನ ಹಿಂದಿನ ರೂಪ ತಾರೀಕಿನ ಸಮೇತ ಅಲ್ಲಿ ಹೋಗಿ ಕೂರುತ್ತದೆ. ದಯವಿಟ್ಟು ಇದನ್ನು ಬಿಡಬೇಡಿ.

ಈಗ 'ಕಂಪೇರ್' ಒತ್ತಿ. ಏನೇನು ಕಾಪಿ ಆಗಲಿದೆ ಎಂಬ ಪಟ್ಟಿ ಬರುತ್ತದೆ. ಕಣ್ಣಾಡಿಸಿ. ಹತ್ತು ಫೈಲ್ ತಿದ್ದಿದ್ದೀರಿ, ಪಟ್ಟಿಯಲ್ಲಿ ಹತ್ತು ಸಾವಿರ ಬಂದಿದೆ ಎಂದರೆ ಏನೋ ತಪ್ಪಿದೆ, ಮುಂದುವರಿಯಬೇಡಿ. ಸರಿಯಾಗಿದ್ದರೆ 'ಸಿಂಕ್ರನೈಸ್'. ಮೊದಲ ಸಲ ಎಲ್ಲವೂ ಕಾಪಿ ಆಗಬೇಕಾದ್ದರಿಂದ ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 30 ಎಂಬಿ ವೇಗ ಸಿಕ್ಕರೆ 100 ಜಿಬಿಗೆ ಹತ್ತಿರ ಹತ್ತಿರ ಒಂದು ಗಂಟೆ. ಆಮೇಲಿನ ಸಲಗಳಲ್ಲಿ ಹೊಸದಷ್ಟೇ ಹೋಗುವುದರಿಂದ ಕೆಲವೇ ನಿಮಿಷ ಸಾಕು. ಸೆಟ್ಟಿಂಗ್ ಸೇವ್ ಮಾಡಿಟ್ಟುಕೊಂಡರೆ ಪ್ರತಿ ಸಲ ಹೊಸದಾಗಿ ತುಂಬಬೇಕಿಲ್ಲ.

ಹಾರ್ಡ್ ಡಿಸ್ಕ್‌ಗೆ ವಿಂಡೋಸ್ ಇವತ್ತು 'ಇ' ಅಕ್ಷರ ಕೊಟ್ಟು ನಾಳೆ 'ಎಫ್' ಕೊಡಬಹುದು. ಆಗ ಸೇವ್ ಮಾಡಿದ ದಾರಿ ತಪ್ಪುತ್ತದೆ. ವಿಂಡೋಸ್‌ನ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದು, ಅಲ್ಲಿ ಕಾಣುವ ಆ ಡಿಸ್ಕ್ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ, 'ಎಕ್ಸ್' ಥರ ಕೊನೆಯ ಅಕ್ಷರವೊಂದನ್ನು ಕೊಡಿ. ಅಲ್ಲೇ 'ಫಾರ್ಮ್ಯಾಟ್' ಎಂಬುದೂ ಕಾಣುತ್ತದೆ, ಅದನ್ನು ಮುಟ್ಟಬೇಡಿ.

ಮುಗಿದ ಮೇಲೆ ಹಾರ್ಡ್ ಡಿಸ್ಕ್‌ನಿಂದಲೇ ಎರಡು ಮೂರು ಫೈಲ್ ತೆರೆದು ನೋಡಿ. ಹೆಸರು ಕಂಡರೆ ಸಾಲದು, ಒಳಗೆ ಮೊನ್ನೆ ಬರೆದದ್ದು ಇದೆಯೇ ನೋಡಿ. ಆಮೇಲೆ ಫೈಲ್ ಮುಚ್ಚಿ, ಡಿಸ್ಕನ್ನು 'ಇಜೆಕ್ಟ್' ಮಾಡಿ, ವೈರ್ ಕಿತ್ತು ಕಪಾಟಿನಲ್ಲಿಡಿ. ಸದಾ ಚುಚ್ಚಿಯೇ ಇಟ್ಟರೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದಾಗ ಅದು ಈ ಡಿಸ್ಕನ್ನೂ ಬಿಡುವುದಿಲ್ಲ.