ಹಳೆಯ ಕಾರಿನ ಫ್ಯೂಯಲ್ ಇಂಜೆಕ್ಷನ್ ಕೈಕೊಟ್ಟಾಗ

ಐಡಲಿಂಗ್‌ನಲ್ಲಿ (ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ) ನಡುಕ ಬಂತೆಂದು, ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಲು ಹೋಗಬೇಡಿ. ಹಳೆಯ ಪೆಟ್ರೋಲ್ ಕಾರುಗಳಲ್ಲಿ ತಪ್ಪು ಹೆಚ್ಚಾಗಿ ಅದರ ಆಸುಪಾಸಿನಲ್ಲೇ ಇರುತ್ತದೆ: ತುಕ್ಕು ಹಿಡಿದ ಅರ್ಥ್ ವೈರ್, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪು, ಕಟ್ಟಿಕೊಂಡ ಫಿಲ್ಟರ್.

ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಕಿವಿಗೊಡಿ. ಬಹಳಷ್ಟು ಗಾಡಿಗಳಲ್ಲಿ ಪೆಟ್ರೋಲ್ ಪಂಪ್ ಸುಮಾರು 2 ಸೆಕೆಂಡ್ ಗುಂಯ್‌ಗುಡುತ್ತದೆ. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್) ನೋಡಿ. ಆಮೇಲೆ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ, ಪಂಪಿನ ಕನೆಕ್ಟರಿಗೆ ವೋಲ್ಟೇಜ್ ಬರುತ್ತದೆಯೇ ಅಳೆಯಿರಿ.

ಪಂಪ್ ಓಡುತ್ತಿದ್ದರೆ ಗೇಜ್ ಹಾಕಿ ಪೆಟ್ರೋಲ್ ಒತ್ತಡ ನೋಡುವ ಸರದಿ. ಪೈಪು ಬಿಚ್ಚುವ ಮೊದಲು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಇಲ್ಲವಾದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಗೇಜ್ ಜೋಡಿಸಿದ ಮೇಲೆ ಫ್ಯೂಸ್ ಮತ್ತೆ ಹಾಕಿ ಸ್ಟಾರ್ಟ್ ಮಾಡಿ. ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ) ಗಾಡಿಗಳಲ್ಲಿ ಸಾಮಾನ್ಯವಾಗಿ 2.5ರಿಂದ 3.5 ಬಾರ್ ಇರಬೇಕು, ನಿಖರ ಅಂಕಿಗೆ ಮ್ಯಾನ್ಯುಯಲ್ ನೋಡಿ. ಎಂಜಿನ್ ಓಡುತ್ತಿರುವಾಗ, ಒತ್ತಡ ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ಎಳೆದರೆ ಒತ್ತಡ ಸುಮಾರು ಅರ್ಧ ಬಾರ್ ಏರಬೇಕು. ಆ ಪೈಪಿನೊಳಗೆ ಪೆಟ್ರೋಲ್ ಹಸಿ ಕಂಡರೆ ಮುಗಿಯಿತು, ಒಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿದೆ, ರೆಗ್ಯುಲೇಟರ್ ಬದಲಿಸಿ.

ಇಂಜೆಕ್ಟರ್ ಕೊನೆಗೆ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಒಂದೊಂದರ ಮೇಲಿಟ್ಟು ಹಿಡಿಗೆ ಕಿವಿ ಆನಿಸಿ: ಟಿಕ್‌ಟಿಕ್ ಒಂದೇ ಸಮ ಕೇಳಬೇಕು. ಮೌನವಾಗಿರುವುದರ ರೆಸಿಸ್ಟೆನ್ಸ್ ಅಳೆಯಿರಿ. ಹೈ ಇಂಪೆಡೆನ್ಸ್ (ಹೆಚ್ಚು ರೆಸಿಸ್ಟೆನ್ಸಿನ) ಮಾದರಿಯಾದರೆ ಸುಮಾರು 12ರಿಂದ 16 ಓಮ್. ಓಮ್ ಸರಿಯಿದ್ದೂ ಸದ್ದಿಲ್ಲವೆಂದರೆ ವೈರಿಂಗ್ ಅನುಮಾನಿಸಿ.

ತಣ್ಣಗಿದ್ದಾಗ ಸ್ಟಾರ್ಟಿಂಗ್ ತೊಂದರೆ, ಬಿಸಿಯಾದ ಮೇಲೂ ಕಪ್ಪು ಹೊಗೆ? ಕೂಲೆಂಟ್ ಟೆಂಪರೇಚರ್ ಸೆನ್ಸರ್ (ಎಂಜಿನ್ ತಣಿಸುವ ನೀರಿನ ಬಿಸಿ ಅಳೆಯುವುದು) ನೋಡಿ, ಅದರ ರೆಸಿಸ್ಟೆನ್ಸ್ ಅಳೆಯಿರಿ. ಸಾಮಾನ್ಯ ಮಾದರಿಯಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80 ಡಿಗ್ರಿಗೆ 300ರ ಆಸುಪಾಸು.